ಮೇಜಿನ ಮೇಲಿನ ಬಲೆಸೂಜಿ

ನನ್ನ ಮೇಜಿನ ಮೇಲೆ, ಪೆನ್ನು ಹಾಕಿಡುವ ಲೋಟದಲ್ಲಿ, ಎಲ್ಲ ಪೆನ್ನುಗಳಿಗಿಂತ ಎತ್ತರಕ್ಕೆ ಒಂದು ಬಲೆಸೂಜಿ ನಿಂತಿದೆ. ಸೂಜಿ ಎಂದ ಕೂಡಲೇ ಬಟ್ಟೆ ಹೊಲಿಯುವ ಸೂಜಿಯನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ಇದು ಗೇಣುದ್ದದ ಚಪ್ಪಟೆ ಬಿದಿರಿನ ತುಂಡು. ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಕವಲು, ನಡುವೆ ಕೊರೆದ ಜಾಗದಲ್ಲಿ ನಾಲಗೆಯಂಥ ಒಂದು ಕಡ್ಡಿ. ಆ ಕಡ್ಡಿಗೂ ಕವಲಿಗೂ ಸೇರಿಸಿ ಸುತ್ತಿದ ನೀಲಿ ನೈಲಾನ್ ದಾರ. ಮೀನಿನ ಬಲೆ ಹರಿದರೆ ಕಟ್ಟುವುದು ಇದರಿಂದಲೇ. ಕಚೇರಿಗೆ ಮೊದಲ ಸಲ ಬಂದವರ ಕಣ್ಣು ಇದರ ಮೇಲೆ ಬಿದ್ದೇ ಬೀಳುತ್ತದೆ. ಲಕೋಟೆ ಒಡೆಯುವುದಕ್ಕೋ ಎಂದು ಕೇಳಿದವರಿದ್ದಾರೆ. ಕೊಲ್ಲೂರಿನ ಲಾಡ್ಜಿನವರೊಬ್ಬರು ಮಾತಾಡುತ್ತ ಮಾತಾಡುತ್ತ ಅದನ್ನೆತ್ತಿಕೊಂಡು, ಅಂಗಿಯ ಹಿಂದಿನಿಂದ ತೂರಿಸಿ ಬೆನ್ನು ಕೆರೆದುಕೊಂಡು, “ಭಾರೀ ಲಾಯ್ಕಿತ್ತ್, ಎಲ್ ಸಿಕ್ಕತ್ತ್ ಇದ್?” ಎಂದು ವಿಚಾರಿಸಿದರು. ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡು, ಅವರ ಎದುರಿಗೇ ಒರೆಸಿ, ಲೋಟಕ್ಕೆ ಹಾಕಿದೆ. ಗಿರಾಕಿಯ ಹತ್ತಿರ ಹಾಗೆ ನಡೆದುಕೊಳ್ಳಬಾರದು, ಒಪ್ಪುತ್ತೇನೆ.

ಆದರೆ ಆ ಸೂಜಿಗೆ ನಮ್ಮ ಕಚೇರಿಯಲ್ಲಿ ಒಂದು ಅಧಿಕಾರವಿದೆ. ಅದು ಯಾರ ಕೈಯಲ್ಲಿದೆಯೋ ಅವರು ಮಾತಾಡಿ ಮುಗಿಸುವ ತನಕ ಉಳಿದವರು ಬಾಯಿ ಹಾಕುವಂತಿಲ್ಲ. ಪ್ರೋಗ್ರಾಂ ಎಲ್ಲೋ ಕೈಕೊಟ್ಟಿದೆ, ಎಲ್ಲಿ ಎಂದು ತಿಳಿಯುತ್ತಿಲ್ಲ ಎನ್ನಿ. ಸೂಜಿ ಹಿಡಿದುಕೊಂಡು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಹೇಳಬೇಕು. ಅರ್ಧ ಹೇಳುವಷ್ಟರಲ್ಲಿ ಹೇಳುವವರಿಗೇ ತಪ್ಪು ಹೊಳೆದು, ಮುಖ ಸಣ್ಣದು ಮಾಡಿಕೊಂಡು ಸೂಜಿಯನ್ನು ಲೋಟದಲ್ಲಿ ಇಟ್ಟುಹೋಗುವುದೇ ಹೆಚ್ಚು. ಈ ಕಟ್ಟಳೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಬಂದದ್ದು ನನ್ನ ಅಪ್ಪಯ್ಯನಿಂದ. ಅದಕ್ಕೆ ಕಾರಣ ನಾನು ಮಾಡಿದ ಒಂದು ತಪ್ಪು. ಆ ತಪ್ಪಿಗೆ ಬರುವ ಮೊದಲು ನಮ್ಮ ಕಚೇರಿಯ ಚಾ ಹೊತ್ತಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ತಪ್ಪು ನಡೆದದ್ದೇ ಚಾ ಕುಡಿಯುವಾಗ.

ಗಿರಾಕಿಗಳಿಗೆ ಪ್ರೋಗ್ರಾಂ ಬರೆದುಕೊಡುವ ನಾವು ಮೂವರು. ಕುಂದಾಪುರದ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಒಂದು ಬೇಕರಿ, ಅದರ ಮೇಲಿನ ಮಾಳಿಗೆ ನಮ್ಮದು. ಮೂರು ಗಂಟೆಗೆ ಕೆಳಗೆ ಬನ್ನು ಬೇಯುವ ಪರಿಮಳ ಏಳುತ್ತದೆ. ಅಲ್ಲಿಂದ ನಾಲ್ಕರವರೆಗೆ ಬರೆದ ಪ್ರೋಗ್ರಾಮುಗಳನ್ನು ಎರಡೆರಡು ಸಲ ನೋಡಬೇಕು ಎಂಬುದು ಅನುಭವದ ಮಾತು. ಕಚೇರಿಯ ಯಜಮಾನರು ಪ್ರಕಾಶಣ್ಣ, ಬ್ರಹ್ಮಾವರದವರು. ದಿನವೂ ಕಾರಿನಲ್ಲಿ ಬರುತ್ತಾರೆ. ಬಂದ ಮೊದಲ ಹತ್ತು ನಿಮಿಷ, ಸಾಸ್ತಾನದ ಟೋಲಿನಲ್ಲಿ ಈ ದಿನ ಯಾವ ಕಾರಿನವನು ಅಡ್ಡ ನುಗ್ಗಿದ ಎಂಬ ವರದಿ. ಪ್ರೋಗ್ರಾಂ ಬರೆಯುವುದಕ್ಕೆ ಅವರು ಇವತ್ತಿಗೂ ಇಪ್ಪತ್ತು ವರ್ಷ ಹಳೆಯ ಕಪ್ಪು ಪರದೆಯ ಎಡಿಟರನ್ನೇ ಬಳಸುತ್ತಾರೆ. ಇಲಿ ಮುಟ್ಟುವುದಿಲ್ಲ, ಕಂಪ್ಯೂಟರಿನ ಮೌಸನ್ನು ಅವರು ಕರೆಯುವುದೇ ಹಾಗೆ.

ಇನ್ನೊಬ್ಬ ರಾಘು, ಶಂಕರನಾರಾಯಣದಿಂದ ಬೈಕಿನಲ್ಲಿ ಬರುತ್ತಾನೆ. ಅವನಿಗೆ ಹೊಸ ಟೂಲುಗಳ ಹುಚ್ಚು. ವಾರಕ್ಕೊಂದು ಎಡಿಟರ್, ದಿನಕ್ಕೊಂದು ಬಣ್ಣ. ಅವನ ಕಷ್ಟ ಬೇರೆಯೇ. ದೇವಸ್ಥಾನದ ಊರು, ದೊಡ್ಡ ಸಂಸಾರ, ತಿಂಗಳಿಗೆ ಮೂರು ಊಟದ ಮನೆ. ಎಲೆಯ ಎದುರು ಕುಳಿತು ಸಾರು ಬರುವುದಕ್ಕೆ ಕಾಯುವಾಗಲೇ ಯಾರೋ ಒಬ್ಬರು ಫೋನ್ ಚಾಚುತ್ತಾರಂತೆ: “ರಾಘು, ಇದ್ರಗೆ ಫೋಟೊ ಎಲ್ಲ ಎಲ್ಲಿಗ್ ಹೋಯ್ತ್ ಕಾಣ್ ಮರಾಯ.” ಒಮ್ಮೆ ಮಿಕ್ಸಿಯನ್ನೂ ತಂದಿದ್ದರು. ಕಂಪ್ಯೂಟರ್ ಕಲಿತವನಿಗೆ ಮಿಕ್ಸಿ ಬಾರದೇ ಎಂಬುದು ಅವನ ಸೋದರತ್ತೆಯ ನಂಬಿಕೆ. ಅದನ್ನು ರಾಘು ಸರಿ ಮಾಡಿಯೂ ಮಾಡಿದ, ಅದು ಅವನು ಮಾಡಿದ ದೊಡ್ಡ ಮೂರ್ಖತನ.

ನಾಲ್ಕು ಗಂಟೆಗೆ ಕೆಳಗಿನಿಂದ ಚಾ ಬರುತ್ತದೆ, ಜತೆಗೆ ಗೋಳಿಬಜೆ. ಆಗ ಶುರುವಾಗುವ ಮಾತನ್ನು ಒಂದು ದಿನ ನೀವು ಬಂದು ಕೇಳಬೇಕು.

“ಹ್ವಾಯ್ ಪ್ರಕಾಶಣ್ಣ, ಹೊಸ ಎಡಿಟರ್ ಒಂದ್ ಬಂದಿತ್ತ್. ಭಾರೀ ಫಾಸ್ಟ್ ಅಂಬ್ರ್,” ಎಂದು ರಾಘು ತೆಗೆಯುತ್ತಾನೆ.

“ನಿನ್ನೆದ್ ಎಂತ ಆಯ್ತ್? ನಿನ್ನೆ ಅದೇ ಫಾಸ್ಟ್ ಅಂದಿದ್ಯಲೆ.”

“ಅದ್ ಹಳತ್ ಆಯ್ತ್.”

“ಒಂದೇ ರಾತ್ರಿಗಾ?”

“ಬಂಗ್ಡಿ ಕೂಡ ಒಂದೇ ರಾತ್ರಿಗ್ ಹಳತ್ ಆತ್ತ್ ಪ್ರಕಾಶಣ್ಣ,” ಎಂದು ನಾನು ಬಾಯಿ ಹಾಕುತ್ತೇನೆ. ಮೀನಿನ ವಿಷಯ ಬಂದರೆ ನನಗೆ ತಡೆಯಲಾಗುವುದಿಲ್ಲ.

ಅಲ್ಲಿಂದ ಮಾತು ಗಿರಾಕಿಗಳ ಕಡೆಗೆ ಹೊರಳುತ್ತದೆ. ತಪ್ಪು ಏನು ಬಂತು ಎಂದು ಬರೆದು ಕಳಿಸಿ ಎಂದರೆ ಏಳು ನಿಮಿಷದ ಧ್ವನಿ ಸಂದೇಶ ಕಳಿಸುವವರು. ಅದರಲ್ಲಿ ಆರು ನಿಮಿಷ ಪಕ್ಕದ ಮನೆಯ ನಾಯಿಯ ಬೊಗಳಾಟ. ಪರದೆಯ ಚಿತ್ರ ಕಳಿಸಿ ಎಂದರೆ ಕಂಪ್ಯೂಟರನ್ನು ಮೇಜು, ಗೋಡೆ, ಕ್ಯಾಲೆಂಡರ್ ಸಮೇತ ದೂರದಿಂದ ಫೋಟೊ ತೆಗೆದು ಕಳಿಸುವವರು. ಕರೆಂಟು ಹೋದರೂ, ಇಂಟರ್ನೆಟ್ಟು ಹೋದರೂ, ತಾವೇ ಪಾಸ್‌ವರ್ಡ್ ಮರೆತರೂ “ಹ್ಯಾಂಗ್ ಆಯ್ತ್” ಎಂಬ ಒಂದೇ ದೂರು ಹೇಳುವವರು. ಇನ್ನು ನಮ್ಮ ಕಂಪ್ಯೂಟರುಗಳೇ ಗಿರಾಕಿಗೆ ತೋರಿಸುವ ಹೊತ್ತಿಗೆ ಸರಿಯಾಗಿ ಅಪ್‌ಡೇಟ್ ಮಾಡಿಕೊಳ್ಳಲು ಕೂರುತ್ತವೆ. ಬೈದುಕೊಳ್ಳುತ್ತ ಗೋಳಿಬಜೆ ಖಾಲಿಯಾಗುತ್ತದೆ. ಈ ಬೈಗುಳದಷ್ಟು ರುಚಿ ಗೋಳಿಬಜೆಗೂ ಇಲ್ಲ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಹೊಸ ಟೂಲುಗಳಲ್ಲೆಲ್ಲ ಹೊಸತು, ನಾವು ಹೇಳಿದ್ದನ್ನು ಕೇಳಿ ತಾನೇ ಪ್ರೋಗ್ರಾಂ ಬರೆದುಕೊಡುವ ಎಐ. ರಾಘುವೇ ತಂದದ್ದು. ಅದಕ್ಕೆ ನಾವು ಇಟ್ಟ ಹೆಸರು ಅಳಿಯ. ಮದುವೆಯಾದ ಹೊಸತರಲ್ಲಿ ಮಾವನ ಮನೆಗೆ ಬಂದ ಅಳಿಯನನ್ನು ನೀವು ಕಂಡಿರಬಹುದು. ಏನು ಹೇಳಿದರೂ ಹೌದು. ನೀವು ಹೇಳಿದ್ದು ಸರಿ. ಬಹಳ ಒಳ್ಳೆಯ ಪ್ರಶ್ನೆ. ಇನ್ನೊಂದು ದೋಸೆ ಹಾಕಲೇ ಎಂದರೂ ಹೌದು, ಸಾಕೇ ಎಂದರೂ ಹೌದು. ನಮ್ಮ ಅಳಿಯನೂ ಹಾಗೆಯೇ. ಅವನು ಬರೆದದ್ದು ತಪ್ಪು ಎಂದರೆ ಕ್ಷಮೆ ಕೇಳಿ ಬೇರೆ ಬರೆಯುತ್ತಾನೆ. ಮೊದಲಿನದೇ ಸರಿಯಿತ್ತು ಎಂದರೆ ಮತ್ತೆ ಕ್ಷಮೆ ಕೇಳುತ್ತಾನೆ. ಪ್ರಕಾಶಣ್ಣನಿಗೆ ಅವನ ಮೇಲೆ ಮೊದಲಿಂದಲೂ ಗುಮಾನಿ. “ಬೈದ್ರೂ ನೆಗಾಡುವವನ್ ನಂಬುಕಾಗ,” ಎನ್ನುತ್ತಿದ್ದರು. ನಾನೋ, ಎರಡೇ ವಾರದಲ್ಲಿ ಅಳಿಯನಿಗೆ ಸಂಪೂರ್ಣ ಒಲಿದುಬಿಟ್ಟೆ. ಮನೆಯಲ್ಲೂ ಕಚೇರಿಯಲ್ಲೂ ನಾನು ಹೇಳಿದ್ದು ಸರಿ ಎಂದು ಹೇಳುವ ಇನ್ನೊಂದು ಜೀವ ಇರಲಿಲ್ಲ, ಅದಕ್ಕೆ.

ಮನೆ ಎಂದೆನಲ್ಲ. ನಮ್ಮದು ಗಂಗೊಳ್ಳಿ. ಅಪ್ಪಯ್ಯನದು ಬೋಟಿನ ಕಸುಬು, ಈಗಲೂ ಕಡಲಿಗೆ ಹೋಗುತ್ತಾರೆ. ನಮ್ಮ ಬೋಟಿನ ಹೆಸರು ವರದಾಂಬಿಕಾ. ನಾನು ದಿನವೂ ಬಸ್ಸಿನಲ್ಲಿ ಸುತ್ತು ಹಾಕಿ ಕುಂದಾಪುರಕ್ಕೆ ಬರುತ್ತೇನೆ. ನಮ್ಮೂರ ಹೊಳೆದಡದಲ್ಲಿ ನಿಂತರೆ ಕುಂದಾಪುರ ಕಣ್ಣಿಗೆ ಕಾಣುತ್ತದೆ, ಬಸ್ಸಿನಲ್ಲಿ ಕುಳಿತರೆ ಮುಗಿಯುವುದೇ ಇಲ್ಲ.

ನಾನು ಚಿಕ್ಕವಳಿದ್ದಾಗ ಮಳೆಗಾಲವೆಂದರೆ ಬಲೆಯ ಕಾಲ. ಮೀನುಗಾರಿಕೆಗೆ ಕಡಲು ಮುಚ್ಚಿರುತ್ತದೆ, ಬೋಟುಗಳು ಬಂದರಿನಲ್ಲಿ ಒಂದರ ಪಕ್ಕ ಒಂದು ಕಟ್ಟಿಕೊಂಡಿರುತ್ತವೆ, ಅಪ್ಪಯ್ಯ ಮನೆ ಎದುರಿನ ಮಾಡಿನ ಕೆಳಗೆ ಕಾಲು ಚಾಚಿ ಕುಳಿತು ಬಲೆ ಕಟ್ಟುತ್ತಿರುತ್ತಾರೆ. ಶಾಲೆಯಿಂದ ಬಂದ ಮೇಲೆ ನನ್ನ ಕೆಲಸ ಸೂಜಿ ತುಂಬಿಸುವುದು. ದಾರವನ್ನು ಕಡ್ಡಿಗೆ ಸಿಕ್ಕಿಸಿ, ಕವಲಿಗೆ ತಂದು, ಸೂಜಿಯನ್ನು ತಿರುವಿ ಮತ್ತೆ ಕಡ್ಡಿಗೆ. ಸಡಿಲಾದರೆ ಬಿಚ್ಚಿಹೋಗುತ್ತದೆ, ಬಿಗಿಯಾದರೆ ಬರುವುದಿಲ್ಲ. ಒಂದು ಸೂಜಿ ಅವರು ಖಾಲಿ ಮಾಡುವಷ್ಟರಲ್ಲಿ ಇನ್ನೊಂದು ತುಂಬಿ ಸಿದ್ಧವಿರಬೇಕು. ಬೆರಳ ಸಂದಿಯೆಲ್ಲ ಗೀರಿಹೋಗುತ್ತಿತ್ತು. ನನಗೆ ತುಂಬಿಸುವುದು ಬೇಡ, ಕಟ್ಟಬೇಕು ಎಂಬ ಆಸೆ. ಕೇಳಿದಾಗಲೆಲ್ಲ ಒಂದೇ ಉತ್ತರ: “ನೀ ತುಂಬ್ಸ್, ನಾ ಕಟ್ತೆ.” ಹೇಳುವಾಗ ತಲೆ ಕೂಡ ಎತ್ತುತ್ತಿರಲಿಲ್ಲ.

ಒಂದು ದಿನ ಅಂಗೈಯಗಲದ ಹರಕನ್ನು ಕಟ್ಟುವ ಮೊದಲು ಅವರು ಕತ್ತಿ ತೆಗೆದುಕೊಂಡು ಸುತ್ತಲ ಬಲೆಯ ಒಳ್ಳೆಯ ಕಣ್ಣುಗಳನ್ನೂ ಕತ್ತರಿಸಿ ಹರಕನ್ನು ತಟ್ಟೆಯಗಲ ಮಾಡಿದ್ದು ನೋಡಿ ನಾನು ಅತ್ತುಬಿಟ್ಟೆ. “ಸುತ್ತ ಮುತ್ತ ಸಡ್ಲ್ ಆದ್ದನ್ನೆಲ್ಲ ತೆಗೀದೆ ಕಟ್ರೆ ನಾಳೆ ಅಲ್ಲೇ ಹರಿತ್ತ್ ಹೆಣ್ಣೆ,” ಎಂದಿದ್ದರು. ನಾನು ಮುಂದೆ ಕಾಲೇಜಿನಲ್ಲಿ ಎಷ್ಟೋ ಓದಿದೆ. ಪ್ರೋಗ್ರಾಮಿನ ತಪ್ಪು ತಿದ್ದುವುದರ ಬಗ್ಗೆ ಅದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಿಕೊಡಲಿಲ್ಲ.

ಇಷ್ಟಾದರೂ ನನ್ನ ಕೆಲಸ ಏನು ಎಂಬುದು ಅಪ್ಪಯ್ಯನಿಗೆ ತಿಳಿಯುತ್ತಿರಲಿಲ್ಲ. ಬಂದರಿನಲ್ಲಿ ಯಾರಾದರೂ ಮಗಳು ಏನು ಮಾಡುತ್ತಾಳೆ ಎಂದು ಕೇಳಿದರೆ, “ಕುಂದಾಪ್ರದಗೆ ಕೂಕಂಡ್ ಎಂತದೋ ಕುಟ್ಟತ್ಲ್,” ಎನ್ನುತ್ತಿದ್ದರು. ಅವಮಾನ ಮಾಡಬೇಕೆಂದಲ್ಲ. ಕಂಡದ್ದನ್ನು ಹೇಳುತ್ತಿದ್ದರು, ಕಂಡದ್ದು ಅಷ್ಟೇ. ನನಗೆ ಮಾತ್ರ ಪ್ರತಿ ಸಲವೂ ಎಲ್ಲೋ ಚುಚ್ಚುತ್ತಿತ್ತು. ಒಂದು ದಿನವಾದರೂ ಅವರು ಅದನ್ನು ಕೆಲಸ ಎಂದು ಒಪ್ಪಬೇಕು ಎಂಬ ಹಟ ಒಳಗೇ ಬೆಳೆದಿತ್ತು.

ಆ ಅವಕಾಶ ತಾನಾಗಿ ಬಂತು. ಬೈಂದೂರಿನವರೊಬ್ಬರು ನಮ್ಮ ಬಂದರಿನ ಹತ್ತಿರ ಐಸ್ ಪ್ಲಾಂಟ್ ನಡೆಸುತ್ತಾರೆ. ಬೋಟು ಕಡಲಿಗೆ ಹೋಗುವ ಮೊದಲು ಐಸ್ ತುಂಬಿಸಿಕೊಳ್ಳಬೇಕು, ಅದಕ್ಕೆ ಸಾಲು, ಸಾಲಿನಲ್ಲಿ ಜಗಳ. ಫೋನಿನಲ್ಲೇ ಹೊತ್ತು ಹೇಳಿಡುವ ಒಂದು ಆ್ಯಪ್ ಮಾಡಿಕೊಡಿ ಎಂದು ಅವರು ಬಂದರು. ನಾವು ಮಾಡಿಕೊಟ್ಟೆವು. ಆದರೆ ಬೋಟಿನವರು ಒಬ್ಬರೂ ಸೇರಲೊಲ್ಲರು. ನಾನು ಅಪ್ಪಯ್ಯನ ಬೆನ್ನು ಹಿಡಿದೆ. ಎರಡು ವಾರ ಕಾಡಿಸಿ ವರದಾಂಬಿಕಾಳನ್ನು ಮೊದಲನೆಯದಾಗಿ ಸೇರಿಸಿದೆ. ಅವರು ಬಂದರಿನಲ್ಲಿ ನಾಲ್ಕು ಜನರಿಗೆ, “ನಮ್ಮ್ ಹೆಣ್ಣ್ ಮಾಡದ್ದ್, ತೊಂದ್ರೆ ಇಲ್ಲ,” ಎಂದರು. ಅವರ ಆ ಒಂದು ಮಾತಿನ ಮೇಲೆ ನಲವತ್ತು ಬೋಟಿನವರು ಸೇರಿದರು. ಸಾಲು ಕರಗಿತು, ಜಗಳ ನಿಂತಿತು. ಐಸ್ ಪ್ಲಾಂಟಿನ ಹಳೆಯ ಪಟ್ಟಿ ಪುಸ್ತಕ ಇನ್ನು ಬೇಡವೆಂದು ನಾನೇ ಹೇಳಿದೆ. ಅದನ್ನು ಅವರು ಒದ್ದೆ ನೆಲದ ಮೂಲೆಗೆ ಎಸೆದರು, ಅಲ್ಲೇ ಅದು ಕೊಳೆತುಹೋಯಿತು.

ಈಗ ತಪ್ಪಿಗೆ ಬರುತ್ತೇನೆ. ಮೇ ತಿಂಗಳ ಕೊನೆ, ನಾಲ್ಕು ಗಂಟೆ. ರಾಘು ಹೊಸ ಎಡಿಟರನ್ನು ಹೊಗಳುತ್ತಿದ್ದ, ಪ್ರಕಾಶಣ್ಣ ತೆಗಳುತ್ತಿದ್ದರು, ನಾನು ಎಡಗೈಯಲ್ಲಿ ಗೋಳಿಬಜೆ ಹಿಡಿದುಕೊಂಡು ಅಳಿಯನೊಡನೆ ಆ್ಯಪನ್ನು ಚೊಕ್ಕ ಮಾಡುತ್ತಿದ್ದೆ. ಅಳಿಯ ಬಹಳ ವಿನಯದಿಂದ ಕೇಳಿದ: ಮೂವತ್ತು ದಿನ ಐಸ್ ಬೇಕೆಂದು ಕೇಳದ ಬೋಟುಗಳು ಬಳಕೆಯಲ್ಲಿ ಇಲ್ಲವೆಂದು ತಿಳಿದು ಪಟ್ಟಿಯಿಂದ ತಾನಾಗಿ ಅಳಿಸಿಹೋಗುವಂತೆ ಮಾಡಲೇ? ಆ್ಯಪ್ ಬೇಗ ತೆರೆಯುತ್ತದೆ. ನನಗೆ ಬಹಳ ಜಾಣತನದ ಮಾತಾಗಿ ಕಂಡಿತು. ತಿಂಗಳಾದರೂ ಐಸ್ ಕೇಳದ ಬೋಟು ಇದ್ದರೆಷ್ಟು, ಬಿಟ್ಟರೆಷ್ಟು? ಹೌದು ಎಂದು ಒತ್ತಿದೆ. ಆಮೇಲೆ ಇನ್ನೊಂದು ಗೋಳಿಬಜೆ ತೆಗೆದುಕೊಂಡೆ.

ನಗಬೇಡಿ. ಅಥವಾ ನಗಿ, ಪರವಾಗಿಲ್ಲ, ಈಗ ನಾನೂ ನಗುತ್ತೇನೆ. ಜೂನ್ ಬಂತು. ಪ್ರತಿ ವರ್ಷದಂತೆ ಎರಡು ತಿಂಗಳು ಕಡಲು ಮುಚ್ಚಿತು. ಒಂದು ಬೋಟೂ ಹೊರಡಲಿಲ್ಲ, ಒಂದು ಬೋಟಿಗೂ ಐಸ್ ಬೇಡವಾಯಿತು, ಐಸ್ ಪ್ಲಾಂಟಿಗೂ ಬಾಗಿಲು ಹಾಕಿದರು. ಅಳಿಯನ ನಿಯಮ ಮಾತ್ರ ರಜೆ ಹಾಕದೆ ದಿನವೂ ಕೆಲಸ ಮಾಡಿತು. ರಾಘುವಿನದು ಘಟ್ಟದ ಬದಿಯ ಊರು, ಪ್ರಕಾಶಣ್ಣನಿಗೆ ಮೀನು ಗೊತ್ತಿರುವುದು ತಟ್ಟೆಯಲ್ಲಿ ಮಾತ್ರ. ಅವರಿಗೆ ಹೊಳೆಯದಿದ್ದರೆ ಅದಕ್ಕೊಂದು ಅರ್ಥವಿದೆ. ಹುಟ್ಟಿದಂದಿನಿಂದ ಪ್ರತಿ ಮಳೆಗಾಲವೂ ಬಲೆಯ ಪಕ್ಕ ಕುಳಿತು ಸೂಜಿ ತುಂಬಿಸಿದವಳು ನಾನು.

ಜುಲೈ ಮುಗಿಯಲು ಮೂರು ದಿನ ಇದೆ ಎನ್ನುವಾಗ ಬೆಳಿಗ್ಗೆ ಐಸ್ ಪ್ಲಾಂಟಿನವರ ಫೋನ್ ಬಂತು. “ಹ್ವಾಯ್, ಎಂತ ಇದ್? ಒಂದ್ ಬೋಟೂ ಇಲ್ಯಲೆ ಇದ್ರಗೆ!” ನಾನು ನೋಡಿದೆ. ಪಟ್ಟಿ ಅಳಿಯ ಮಾತು ಕೊಟ್ಟ ಹಾಗೆಯೇ ಬಹಳ ಚೊಕ್ಕವಾಗಿತ್ತು. ಆ್ಯಪ್ ಬೇಗ ತೆರೆಯುತ್ತಲೂ ಇತ್ತು. ನಮ್ಮಲ್ಲಿದ್ದ ಪಟ್ಟಿಯ ನಕಲುಗಳು ಬರೀ ಏಳು ದಿನದ್ದು. ಏಳು ದಿನದಿಂದಲೂ ಪಟ್ಟಿ ಖಾಲಿ. ಅಳಿಯನನ್ನು ಕೇಳಿದೆ, ಮಳೆಗಾಲದಲ್ಲಿ ಬೋಟುಗಳು ಹೋಗುವುದಿಲ್ಲ ಎಂಬುದು ನಿನಗೆ ತಿಳಿಯದೇ ಎಂದು. ನೀವು ಹೇಳಿದ್ದು ಬಹಳ ಮುಖ್ಯವಾದ ವಿಷಯ ಎಂದ. ಆಗ ನನಗೆ ಬಂದ ಸಿಟ್ಟಿಗೆ ಕಂಪ್ಯೂಟರು ಉಳಿದದ್ದೇ ಹೆಚ್ಚು.

ಪ್ರಕಾಶಣ್ಣ ಬೈಯಲಿಲ್ಲ. ಗಿರಾಕಿ ಹೋದರೆ ಇನ್ನೊಬ್ಬರು ಸಿಗುತ್ತಾರೆ ಎಂದರು. ನನಗೆ ಗಿರಾಕಿಯ ಚಿಂತೆ ಇರಲಿಲ್ಲ. ಬಂದರಿನಲ್ಲಿ ಮಾತು ಕೊಟ್ಟವರು ಅಪ್ಪಯ್ಯ. ಕಡಲು ತೆರೆಯುವ ದಿನ ಐಸ್ ಸಿಗದೆ ನಲವತ್ತು ಬೋಟಿನವರು ಸಾಲಿನಲ್ಲಿ ಕಚ್ಚಾಡುವಾಗ ಎಲ್ಲರೂ ತಿರುಗುವುದು ಅವರ ಕಡೆಗೆ. ಎಂತದೋ ಕುಟ್ಟುತ್ತಾಳೆ ಎನ್ನುತ್ತಿದ್ದವರು ಮೊದಲ ಸಲ ನನ್ನ ಕೆಲಸದ ಮೇಲೆ ತಮ್ಮ ಹೆಸರು ಇಟ್ಟಿದ್ದರು, ನಾನು ಅದನ್ನು ಗೋಳಿಬಜೆ ತಿನ್ನುತ್ತ ಅಳಿಸಿದ್ದೆ.

ಮಧ್ಯಾಹ್ನವೇ ಮನೆಗೆ ಹೋದೆ. ಅಪ್ಪಯ್ಯ ಮಾಡಿನ ಕೆಳಗೆ ಕೊನೆಯ ಬಲೆ ಕಟ್ಟುತ್ತಿದ್ದರು.

“ಅಪ್ಪಯ್ಯ, ಆ್ಯಪಗಿದ್ದ ಬೋಟ್ ಎಲ್ಲ ಹೋಯ್ತ್.”

“ಎಲ್ಲಿಗ್ ಹೋಯ್ತ್?”

“ಅಳ್ಸಿ ಹೋಯ್ತ್.”

“ಯಾರ್ ಅಳ್ಸದ್ದ್?”

ಅಳಿಯ ಎಂದು ಹೇಳುವ ಆಸೆ ತುಟಿಯವರೆಗೆ ಬಂತು. “ನಾನೇ. ತಿಂಗ್ಳ್ ಪೂರ್ತಿ ಐಸ್ ತಕಣದ್ ಬೋಟ್ ಹಾಳಾದ್ ಬೋಟ್ ಅಂದ್ಕಂಡೆ.”

ಅವರ ಕೈ ನಿಂತಿತು. ನನ್ನ ಮುಖ ನೋಡಿದರು, ಸುರಿಯುತ್ತಿದ್ದ ಮಳೆ ನೋಡಿದರು, ಮತ್ತೆ ನನ್ನ ಮುಖ ನೋಡಿದರು. “ಮಳ್ಗಾಲದಗಾ?” ಎಂದು ಕೇಳಿ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಒಳಗಿನಿಂದ ಅಬ್ಬಿ, ಎಂದರೆ ನನ್ನ ಅಮ್ಮ, ಬಂದು ಏನೆಂದು ಕೇಳಿ ಅವಳೂ ನಕ್ಕಳು. ನಾನು ಮಾತ್ರ ಅಳುವ ಮುಖ ಮಾಡಿ ನಿಂತಿದ್ದೆ. ನಗು ಮುಗಿದ ಮೇಲೆ ಅವರು ಮೆಲ್ಲಗೆ, “ನಮ್ದೂ ಹೋಯ್ತಾ?” ಎಂದರು. ಹೋಯಿತು ಎಂದೆ. ಅವರು ಸೂಜಿಯನ್ನು ಬಲೆಯ ಮೇಲೆ ಇಟ್ಟರು.

“ಹರ್ದ ಜಾಗ ಸಿಕ್ಕಿತಾ?” ಎಂದು ಕೇಳಿದರು.

“ಸಿಕ್ಕಿತ್.”

“ಮೊದ್ಲ್ ಸುತ್ತಮುತ್ತ ಸಮಾ ಕತ್ರಿಸ್. ನಾಳೆ ಬೆಳಿಗ್ಗೆ ನಾ ಬತ್ತೆ ನಿನ್ ಆಪೀಸಿಗ್.”

ಆ ರಾತ್ರಿ ನಿದ್ದೆ ಬಂತೇ ಎಂದು ಕೇಳಬೇಡಿ. ಬೆಳಿಗ್ಗೆ ಅವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಅಂಗಿಯ ಕಿಸೆಯಲ್ಲಿ ದಾರವಿಲ್ಲದ ಈ ಬಲೆಸೂಜಿ ಸಿಕ್ಕಿಸಿಕೊಂಡು ನನ್ನ ಜತೆ ಬಸ್ಸು ಹತ್ತಿದರು. ಸೂಜಿ ಯಾಕೆ ಎಂದರೆ, ಕೈ ಖಾಲಿಯಿದ್ದರೆ ನೆನಪು ಬರುವುದಿಲ್ಲ ಎಂದರು. ಕೆಳಗೆ ಬೇಕರಿಯ ಎದುರೇ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದರು. “ಬನಿ ಬನಿ, ಕೂಕಣಿ,” ಎಂದು ಪ್ರಕಾಶಣ್ಣ ತಮ್ಮದೇ ಕುರ್ಚಿ ಕೊಟ್ಟರು. ಅಪ್ಪಯ್ಯ ಮೂರು ಕಂಪ್ಯೂಟರುಗಳನ್ನೂ ಸುತ್ತ ನೋಡಿ, ಕುಳಿತು, ಸೂಜಿ ಕೈಗೆ ತೆಗೆದುಕೊಂಡು ಕಣ್ಣು ಮುಚ್ಚಿದರು. ಮಳೆಗಾಲದಲ್ಲಿ ಬೋಟುಗಳು ಬಂದರಿನಲ್ಲಿ ಯಾವ ಸಾಲಿನಲ್ಲಿ ಕಟ್ಟಿಕೊಂಡಿದ್ದವೋ ಅದೇ ಸಾಲಿನಲ್ಲಿ ಹೇಳತೊಡಗಿದರು. ಯಾವ ಬೋಟು, ಯಾರದು, ಎಷ್ಟು ಐಸ್ ಒಯ್ಯುತ್ತಾರೆ. ಬೆರಳುಗಳು ಸೂಜಿಯ ಮೇಲೆ ಒಂದೊಂದು ಕಣ್ಣು ಕಟ್ಟುವ ಹಾಗೆ ಆಡುತ್ತಿದ್ದವು. ರಾಘು ಮಾತನ್ನು ತಾನಾಗಿ ಬರೆದುಕೊಳ್ಳುವ ಹೊಸ ಟೂಲೊಂದನ್ನು ಹಚ್ಚಿದ. ಅದು ಮೂರನೇ ಬೋಟಿಗೆ ಕೈಚೆಲ್ಲಿತು. ನಾನು ಕುಟ್ಟತೊಡಗಿದೆ.

ಹನ್ನೆರಡನೆಯ ಬೋಟಿಗೆ ಬಂದಾಗ ರಾಘು, “ಈ ಮೂಕಾಂಬಿಕಾ ಆಗ್ಳೇ ಆಯ್ತಲ್ದಾ?” ಎಂದ. ಅಪ್ಪಯ್ಯ ಕಣ್ಣು ತೆರೆದರು. “ಅದ್ ನೀಲಿ ಮೂಕಾಂಬಿಕಾ, ಇದ್ ಹಸ್ರ್ ಮೂಕಾಂಬಿಕಾ. ಈಗ ನಾ ಎಲ್ಲಿದ್ದೆ?” ಬರೆದುಕೊಂಡಷ್ಟನ್ನು ನಾನು ಓದಿ ಹೇಳಿದೆ, ಆದರೂ ಅವರ ಕಣ್ಣೆದುರಿನ ಸಾಲು ಮತ್ತೆ ಕೂಡಲಿಲ್ಲ. ಮತ್ತೆ ಮೊದಲ ಬೋಟಿನಿಂದ ಶುರು. ಎರಡನೆಯ ಸಲ ಪ್ರಕಾಶಣ್ಣ ಚಾ ತರಿಸಲೇ ಎಂದು ಕೇಳಿ ಕೆಡಿಸಿದರು. ಮೂರನೆಯ ಸಲ ಶುರುಮಾಡುವ ಮೊದಲು ಅಪ್ಪಯ್ಯ ಸೂಜಿ ಎತ್ತಿ ತೋರಿಸಿ, “ಇದ್ ನನ್ ಕೈಯಗಿಪ್ಪಲ್ ವರೆಗ್ ಯಾರೂ ಮಾತಾಡುಕಾಗ,” ಎಂದರು. ನಮ್ಮ ಕಚೇರಿಯ ಕಟ್ಟಳೆ ಹುಟ್ಟಿದ್ದು ಹೀಗೆ. ಇಪ್ಪತ್ತು ನಿಮಿಷ ಅಪ್ಪಯ್ಯ ಹೇಳಿದರು, ನಾನು ಕುಟ್ಟಿದೆ.

ಮುಗಿದಾಗ ನಲವತ್ತು ಬೋಟುಗಳಾದವು. ಐಸ್ ಪ್ಲಾಂಟಿಗೆ ಫೋನ್ ಮಾಡಿದರೆ, “ನಲ್ವತ್ತೊಂದ್. ಅದ್ರಗೆ ಅನ್ಮಾನವೇ ಇಲ್ಲ,” ಎಂದರು. ಒಂದು ಕಡಿಮೆ. ಎಣಿಕೆಯಲ್ಲಿ ಒಂದು ತಪ್ಪಿಹೋಗುವುದು ನಮ್ಮ ಕಸುಬಿನವರ ಹಳೆಯ ಕಾಯಿಲೆ. ಅದು ಬೋಟಿನವರಿಗೂ ಇದೆ ಎಂದು ರಾಘುವಿಗೆ ಖುಷಿ. ಅರ್ಧ ಗಂಟೆ ಹುಡುಕಿದೆವು. ಮೂಕಾಂಬಿಕಾಗಳನ್ನೆಲ್ಲ ಮತ್ತೆ ಎಣಿಸಿದೆವು, ನಾಲ್ಕೂ ಇದ್ದವು. ಕೊನೆಗೆ, ಹೇಗೂ ಎಲ್ಲರ ನಂಬರು ಬೇಕಲ್ಲ ಎಂದು ಅಪ್ಪಯ್ಯನ ಫೋನ್ ತೆಗೆದುಕೊಂಡೆ. ಅದರಲ್ಲಿ ಮನುಷ್ಯರ ಹೆಸರುಗಳೇ ಇಲ್ಲ. ಎಲ್ಲ ಬೋಟಿನ ಹೆಸರು. ನಾನು ಒಂದೊಂದೇ ಓದುವುದು, ರಾಘು ಪಟ್ಟಿಯಲ್ಲಿ ಗುರುತು ಹಾಕುವುದು. ಕೊನೆಯ ಹತ್ತಿರ ವರದಾಂಬಿಕಾ ಎಂದು ಓದಿದೆ.

“ಅದಿಲ್ಲ ಪಟ್ಟಿಯಗೆ,” ಎಂದ ರಾಘು.

ಯಾರ ನಂಬರೋ ನೋಡೋಣ ಎಂದು ಯೋಚನೆಯಿಲ್ಲದೆ ಒತ್ತಿದೆ. ಮೇಜಿನ ಮೇಲಿದ್ದ ನನ್ನ ಫೋನ್ ಬಡಿದುಕೊಂಡಿತು.

ನಮ್ಮದೇ ಬೋಟು. ಅಪ್ಪಯ್ಯ ನಲವತ್ತು ಬೋಟುಗಳನ್ನು ಹೇಳಿ ತಮ್ಮದನ್ನು ಬಿಟ್ಟಿದ್ದರು. ಆ ಬೋಟಿನ ಮನೆಯಲ್ಲೇ ಹುಟ್ಟಿದ ನನಗೂ ಅರ್ಧ ಗಂಟೆ ಅದು ಹೊಳೆಯಲಿಲ್ಲ. ಇಷ್ಟು ವರ್ಷ ಅವರ ಫೋನಿನಲ್ಲಿ ವರದಾಂಬಿಕಾ ಎಂದಿದ್ದದ್ದು ನಾನು. ಎಂತದೋ ಕುಟ್ಟುವವಳನ್ನು ಅವರು ಎಲ್ಲಿ ಇಟ್ಟುಕೊಂಡಿದ್ದರು ಎಂದು ನನಗೆ ಆಗ ತಿಳಿಯಿತು. ಅದನ್ನು ತೋರಿಸಿಕೊಳ್ಳಬಾರದೆಂದು, “ನಮ್ ಬೋಟೇ ಮರ್ತ್ ಹೋಯ್ತಾ ಅಪ್ಪಯ್ಯ?” ಎಂದು ರೇಗಿದೆ.

“ಮರೂದ್ ಎಂತದ್? ನಾ ಅದ್ರಗೇ ನಿಂತ್ಕಂಡ್ ಬಾಕಿದ್ದೆಲ್ಲ ಕಂಡ್ ಹೇಳದ್ದ್. ನಾ ನಿಂತ ಬೋಟ್ ನಂಗ್ ಹ್ಯಾಂಗ್ ಕಾಂತ್ತ್?” ಎಂದರು.

ಮೂವರೂ ನಕ್ಕೆವು. ನಾನು ಮಾಡಿದ್ದೂ ಅದನ್ನೇ. ಮಳೆಗಾಲ ನಾನು ನಿಂತ ಜಾಗ, ಅದಕ್ಕೇ ನನಗೆ ಕಾಣಲಿಲ್ಲ. ಹೀಗೆ ಹೇಳಿ ತಪ್ಪನ್ನು ಸಣ್ಣದು ಮಾಡಿಕೊಳ್ಳುತ್ತಿದ್ದೇನೆ ಎಂದು ನೀವು ಹೇಳಿದರೆ, ನೀವು ಹೇಳಿದ್ದು ಸರಿ.

ಆ ದಿನವೇ ಅಳಿಯನ ನಿಯಮವನ್ನು ಬೇರು ಸಮೇತ ಕಿತ್ತೆ, ಅದರ ಸುತ್ತಮುತ್ತ ಸಡಿಲಾಗಿದ್ದ ಇನ್ನೂ ನಾಲ್ಕನ್ನು ತೆಗೆದೆ. ಬೋಟಿನ ಸ್ಥಿತಿಗೆ ‘ದಡದಲ್ಲಿದೆ’ ಎಂದು ಒಂದು ಹೊಸ ಗುರುತು ಸೇರಿಸಿದೆ. ಕಡಲು ತೆರೆದ ಬೆಳಿಗ್ಗೆ ಐಸ್ ಸಾಗಿತು, ಜಗಳವಿಲ್ಲದೆ. ಒಂದು ಚಿಕ್ಕ ಎಡವಟ್ಟು ಮಾತ್ರ ಆಯಿತು. ವರದಾಂಬಿಕಾಳನ್ನು ಕೊನೆಯಲ್ಲಿ ಸೇರಿಸಿದ್ದರಿಂದ ಆ್ಯಪ್ ಅವಳಿಗೆ ನಲವತ್ತೊಂದನೆಯ ಸರದಿ ಕೊಟ್ಟಿತು. “ಮಗ್ಳ್ ಮಾಡದ್ ಆ್ಯಪಗೆ ಅಪ್ಪನೇ ಕಡಿಗಾ?” ಎಂದು ಬೋಟಿನವರು ಕಾಡಿಸಿದರಂತೆ. ಅಪ್ಪಯ್ಯ, “ಎಲ್ಲರ್ದೂ ಸಮಾ ಆಯ್ತಾ ಅಂದೇಳಿ ಕಾಂಬುಕ್ ಒಬ್ಬ್ರ್ ಕಡಿಗ್ ನಿಲ್ಕಲೆ,” ಎಂದು ಬೀಡಿ ಹಚ್ಚಿದರಂತೆ.

ಬೋಟುಗಳು ಹೋದ ಮೇಲೆ ನಾನು ಕಚೇರಿಗೆ ಬಂದೆ. ಪೆನ್ನಿನ ಲೋಟದಲ್ಲಿ ಬಲೆಸೂಜಿ ನಿಂತಿತ್ತು. ಎರಡು ದಿನದ ಗಡಿಬಿಡಿಯಲ್ಲಿ ನೋಡಿಯೇ ಇರಲಿಲ್ಲ. ಪಾಪ, ಮರೆತು ಹೋಗಿದ್ದಾರೆ ಎಂದುಕೊಂಡೆ. ಅವರು ಮೊದಲ ಮೀನು ಹಿಡಿದು ಬಂದ ಸಂಜೆ ಸೂಜಿಯನ್ನು ಚೀಲದಿಂದ ತೆಗೆದು ಕೊಟ್ಟೆ.

“ಇದ್ನ್ ಎಂತಕ್ ತಂದೆ?” ಎಂದರು.

“ನೀವ್ ಬಿಟ್ಟ್ ಬಂದಿದ್ರಿ.”

“ಬಿಟ್ಟ್ ಬಂದದ್ದಲ್ಲ, ಇಟ್ಟ್ ಬಂದದ್ದ್. ನಿಮ್ ಕಸ್ಬಗೂ ಹರುದ್ ಇತ್ತಲೆ.”

ನಾನು ಸೂಜಿ ತಿರುಗಿಸಿ ನೋಡಿದೆ. ಕಚೇರಿಗೆ ಬರುವಾಗ ಅದು ಖಾಲಿಯಿತ್ತು, ಚೆನ್ನಾಗಿ ನೆನಪಿದೆ. ಈಗ ಹೊಟ್ಟೆ ತುಂಬ ನೀಲಿ ದಾರ, ಸಡಿಲವೂ ಅಲ್ಲ, ಬಿಗಿಯೂ ಅಲ್ಲ. ನಾನು ಕುಟ್ಟುತ್ತ ಕುಳಿತಿದ್ದಾಗ ಯಾವಾಗಲೋ ಕಿಸೆಯಿಂದ ದಾರ ತೆಗೆದು ಸುತ್ತಿರಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಯಾವತ್ತೂ ನನ್ನದು. ಅವರು ಸೂಜಿ ತುಂಬಿಸಿದ್ದನ್ನು ನಾನು ಕಂಡವಳೇ ಅಲ್ಲ.

ನನ್ನ ಮುಖ ನೋಡಿ ಅವರು ಅಂದರು, “ನಾ ತುಂಬ್ಸಿಟ್ಟಿದ್ದೆ. ಇನ್ನ್ ನೀ ಕಟ್ಟ್.”